ಬಂತು ಅಂದಿತ್ತು ಕಾರ್ಡು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಅಂದಕೂಡಲೇ ಜಡೆ, ಕಮಂಡಲ ಎಲ್ಲ ಕಣ್ಣಮುಂದೆ ತಂದುಕೊಳ್ಳಬೇಡಿ. ಅಲ್ಲಿ ಕಲಿಸುತ್ತಿದ್ದದ್ದು ಕಂಪ್ಯೂಟರಿನ ಒಡಲೊಳಗಿನ ಕೆಲಸ.

ಗುರುಗಳ ಹೆಸರು ಪತ್ರಯ್ಯ. ಎಲ್ಲರಿಗೂ ಅವರು ಅಜ್ಜಾರು. ಪ್ರಾಯದಲ್ಲಿ ದೇಶ ಸುತ್ತಿ, ಕಂಪ್ಯೂಟರಿನ ತಿರುಳಾದ ಕರ್ನಲ್ಲಿಗೇ ಕೈಹಾಕಿ ಕೆಲಸ ಮಾಡಿದವರು. ವಯಸ್ಸಾದ ಮೇಲೆ ಇಲ್ಲಿ ಬಂದು ತಗಡಿನ ಮಾಡು ಹಾಕಿ ಕೂತರು. ಕಲಿಯುವವರು ತಾವಾಗಿಯೇ ಹುಡುಕಿಕೊಂಡು ಬಂದರು.

ಅಜ್ಜಾರಿಗೆ ಒಂದು ಚಾಳಿ ಇತ್ತು. ಯಾವ ಶಿಷ್ಯ ಬಂದು "ಕೆಲಸ ಆತ್ರಿ" ಅಂದರೂ ತಲೆ ಎತ್ತದೆ ಕೇಳುವರು: "ಯಾರು ಹೇಳಿದರು?"

"ನಾನ ಹೇಳಾಕತ್ತೀನಲ್ರಿ" ಅಂದರೆ, "ನಿನಗ ಯಾರು ಹೇಳಿದರು?" ಅನ್ನುವರು.

ಹೊಸಬರು ಇದಕ್ಕೆ ನಗುವರು. ಹಳಬರು ಸುಮ್ಮನೆ ಎದ್ದುಹೋಗಿ ಮತ್ತೊಮ್ಮೆ ನೋಡಿಕೊಂಡು ಬರುವರು.

ಕಲ್ಮೇಶ ಹೊಸಬನೂ ಅಲ್ಲ, ಹಳಬನೂ ಅಲ್ಲ. ಬಲು ಚುರುಕು. ಹೇಳಿ ಮುಗಿಸುವ ಮೊದಲೇ ತಲೆಯಾಡಿಸುವ ಜಾತಿ. ಅಂಥವರನ್ನು ಕಂಡರೆ ಗುರುಗಳಿಗೆ ಪ್ರೀತಿಯೂ ಜಾಸ್ತಿ, ಚಿಂತೆಯೂ ಜಾಸ್ತಿ.

ಆ ವರ್ಷ ಆಶ್ರಮದಲ್ಲಿ ಒಂದು ಸಣ್ಣ ರೆಕಾರ್ಡರು ಮಾಡುತ್ತಿದ್ದರು. ಊರೂರಿನ ಹಾಡುವವರ, ಕತೆ ಹೇಳುವವರ ದನಿ ಹಿಡಿದಿಡಲಿಕ್ಕೆ. ಅಂಗೈಯಗಲದ ಡಬ್ಬಿ, ಸಣ್ಣ ಬ್ಯಾಟರಿ, ಒಳಗೊಂದು ಮೆಮೊರಿ ಕಾರ್ಡು. ಆ ಕಾರ್ಡಿನ ಡ್ರೈವರ್ ಬರೆಯುವ ಕೆಲಸ ಕಲ್ಮೇಶನ ಪಾಲಿಗೆ ಬಂತು.

ಈ ಡ್ರೈವರ್ ಬಸ್ಸು ಓಡಿಸುವವನಲ್ಲ. ಕರ್ನಲ್ಲಿಗೂ ಕಾರ್ಡಿಗೂ ನಡುವೆ ನಿಂತು ಮಾತು ಮುಟ್ಟಿಸುವ ಒಂದು ಪ್ರೋಗ್ರಾಮು. ಮೇಲಿನವರು, ಅಂದರೆ ಕರ್ನಲ್ಲು ಮತ್ತು ಅದರ ಮೇಲಿನ ಪ್ರೋಗ್ರಾಮುಗಳು, "ಇದನ್ನು ಬರೆದಿಡು" ಅಂದರೆ ಕಾರ್ಡಿಗೆ ಹೇಳಬೇಕು. ಕಾರ್ಡು ಏನನ್ನುತ್ತದೋ ಅದನ್ನು ಮೇಲಿನವರಿಗೆ ಹೇಳಬೇಕು. ಕೇಳಿದರೆ ಬಹಳ ಸಸಾರದ ಕೆಲಸ.

ಅಜ್ಜಾರು ಅವನನ್ನು ಕರೆದು ಎದುರಿಗೆ ಕೂಡಿಸಿಕೊಂಡರು.

"ಕಾರ್ಡಿನ ಮನಿಯೊಳಗ ಎರಡು ಜಾಗ ಅದಾವು," ಅಂದರು. "ಒಂದು ಪಡಸಾಲಿ, ಒಂದು ಒಳಗಿನ ಖೋಲಿ. ನೀ ಏನು ಕೊಟ್ರೂ ಅದು ಮೊದಲ ಪಡಸಾಲ್ಯಾಗ ಇಳಿಸ್ಕೊಂಡು 'ಬಂತು' ಅಂತೈತಿ. ಬಿಡುವಾದಾಗ ಒಳಗ ಒಯ್ದು ಇಡ್ತೈತಿ. ನಡುವ ಕರೆಂಟ್ ಹೋತಂದ್ರ ಪಡಸಾಲ್ಯಾಗಿಂದು ಹೋತು. ಒಳಗಿಂದು ಉಳೀತು."

"ಗೊತ್ತೈತ್ರಿ ಅಜ್ಜಾರ. ಆ ಪಡಸಾಲಿಗೆ ಕ್ಯಾಶ್ ಅಂತಾರ. ಎಲ್ಲಾ ಒಳಗ ಒಯ್ದಿಡು ಅಂತ ಹುಕುಂ ಕೊಡೂದಕ್ಕ ಫ್ಲಶ್ ಅಂತಾರ."

"ಹೆಸರು ಗೊತ್ತೈತಿ," ಅಂದರು ಅಜ್ಜಾರು.

ಕಲ್ಮೇಶ ಅದನ್ನು ಹೊಗಳಿಕೆ ಅಂದುಕೊಂಡ.

ಕೆಲಸ ಬೇಗ ಸಾಗಿತು. ಒಂದೇ ಒಂದು ಕಡೆ ಎಡವಿತು. ಫ್ಲಶ್ ಅಂತ ಹುಕುಂ ಕೊಟ್ಟರೆ ಕಾರ್ಡು ಒಮ್ಮೊಮ್ಮೆ ತಡ ಮಾಡುತ್ತಿತ್ತು. ಉತ್ತರವೇ ಕೊಡದೆ ಕೂತುಬಿಡುತ್ತಿತ್ತು. ಅದು ಕೂತಷ್ಟು ಹೊತ್ತು ಬ್ಯಾಟರಿ ಸುಮ್ಮನೆ ಸುಡುತ್ತಿತ್ತು.

ಕಲ್ಮೇಶನಿಗೆ ಕಾಯುವುದೆಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಅವನು ಡ್ರೈವರಿನಲ್ಲಿ ಒಂದು ಸಾಲು ಸೇರಿಸಿದ. ತುಸು ಹೊತ್ತು ಕಾಯಿ. ಕಾರ್ಡು ಉತ್ತರ ಕೊಡದಿದ್ದರೆ, ಮೇಲಿನವರಿಗೆ "ಆಯಿತು" ಅಂತ ಹೇಳಿ ಮುಂದೆ ನಡೆ.

ತಡವಾದರೂ ಇಟ್ಟೇ ಇಡುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಅವನ ಲೆಕ್ಕ. ಆದರೆ "ಆಯಿತು" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೇಲಿನವರು ಬ್ಯಾಟರಿ ಉಳಿಸಲೆಂದು ಕಾರ್ಡಿನ ಕರೆಂಟು ತೆಗೆದುಬಿಡುತ್ತಿದ್ದರು. ಅವರ ತಪ್ಪೇನಿದೆ? ಆಯಿತು ಅಂದಮೇಲೆ ಆಯಿತು.

ಡಬ್ಬಿ ಈಗ ಚಕಚಕ ಓಡಿತು. ಬ್ಯಾಟರಿ ದುಪ್ಪಟ್ಟು ಬಾಳಿತು. ಕಲ್ಮೇಶ ಅದನ್ನು ಎತ್ತಿಕೊಂಡು ಅಜ್ಜಾರ ಹತ್ತಿರ ಬಂದ.

"ಆತ್ರಿ ಅಜ್ಜಾರ."

"ಯಾರು ಹೇಳಿದರು?"

"ಕಾರ್ಡ ಹೇಳ್ತು ರಿ. ಬಂತು ಅಂತು."

"ಬಂತು ಅಂತೋ, ಇಟ್ಟೆ ಅಂತೋ?"

ಕಲ್ಮೇಶ ನಕ್ಕ. "ಎರಡೂ ಒಂದ ಅಲ್ರಿ. ನಾ ಬಾಳ ಸಲ ನೋಡೇನಿ. ಒಂದ ಸಲಾನೂ ತಪ್ಪಿಲ್ಲ."

ಅಜ್ಜಾರು ಅವನ ಮುಖ ನೋಡಿದರು.

"ಇನ್ನೊಮ್ಮೆ ನೋಡು," ಅಂದು ಹೊಳೆಗೆ ಮೈತೊಳೆಯಲು ಹೋದರು.

ಅವನು ನೋಡಲಿಲ್ಲ. ಅದೇ ದಿನ ಊರಿನಿಂದ ಫೋನು ಬಂತು.

ಕಲ್ಮೇಶನ ಅಪ್ಪ ಯಮನಪ್ಪ ಹರಿಗೋಲಿನವನು. ಆಶ್ರಮದಿಂದ ಹೊಳೆಗುಂಟ ಕೆಳಗೆ ನಡೆದರೆ ಅವರ ಊರು. ಅಪ್ಪನ ಗಂಟಲಲ್ಲಿ ಗಂಟು ಅಂತ ಕೆಲವು ತಿಂಗಳಿಂದ ಔಷಧ ನಡೆದಿತ್ತು. ಈಗ ಡಾಕ್ಟರು ಖಡಾಖಂಡಿತ ಹೇಳಿಬಿಟ್ಟಿದ್ದರು. ಆಪರೇಷನ್ ಆಗಬೇಕು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

ಯಮನಪ್ಪನ ದನಿ ಅಂದರೆ ಎರಡೂ ದಂಡೆಗೆ ಗೊತ್ತು. ಕಲ್ಮೇಶನ ಸಾಲೆ ಆಚೆ ದಂಡೆಗಿತ್ತು. ಸಾಲೆ ಬಿಟ್ಟು ಅವನು ನೀರಿಗೆ ಬರುವಷ್ಟರಲ್ಲಿ ಈಚೆಯಿಂದ ಕೂಗು ಹೊರಡುತ್ತಿತ್ತು. "ಕಲ್ಮ್ಯಾ... ಅಲ್ಲೇ ನಿಂದರೋ..." ಕೊಕ್ಕರೆಗಳು ಗಾಬರಿಯಾಗಿ ಏಳುತ್ತಿದ್ದವು. ಜೊತೆಯ ಹುಡುಗರು ನಗುತ್ತಿದ್ದರು. ಕಲ್ಮೇಶನಿಗೆ ಆಗ ನಾಚಿಕೆಯಾಗುತ್ತಿತ್ತು, ಅಪ್ಪ ಯಾಕಾದರೂ ಕೂಗುತ್ತಾನೋ ಅಂತ.

ಆಪರೇಷನ್ನಿನ ಹಿಂದಿನ ದಿನ ಅವನು ರೆಕಾರ್ಡರನ್ನು ಜೇಬಿಗೆ ಹಾಕಿಕೊಂಡು ಊರಿಗೆ ನಡೆದ.

ಅಪ್ಪ ಹೊಳೆಯ ದಂಡೆಯಲ್ಲೇ ಕೂತಿದ್ದ. ಹರಿಗೋಲನ್ನು ಬೋರಲು ಹಾಕಿ ಅದಕ್ಕೆ ಬೆನ್ನು ಆನಿಸಿದ್ದ. ದನಿ ಆಗಲೇ ಗೊಗ್ಗರು ಬಿದ್ದಿತ್ತು.

"ಇದ್ರಾಗ ಮಾತಾಡು ಅಪ್ಪಾ," ಅಂದ ಕಲ್ಮೇಶ. "ಇದು ಇಟ್ಕೋತೈತಿ. ನಾನ ಮಾಡಿದ್ದು."

"ನೀನ ಮಾಡಿದ್ದೇನು?" ಯಮನಪ್ಪ ಡಬ್ಬಿಯನ್ನು ಹೊರಳಿಸಿ ಹೊರಳಿಸಿ ನೋಡಿದ. ಅವನಿಗೆ ಹೆಮ್ಮೆಯಾಯಿತು. ಎಂಥ ಹೆಮ್ಮೆಯೆಂದರೆ, ನಾಳೆಯ ಆಪರೇಷನ್ ಒಂದು ಗಳಿಗೆ ಮರೆತುಹೋಯಿತು. "ಏನು ಮಾತಾಡ್ಲಿ?"

"ಏನರ ಮಾತಾಡು."

ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಮಾತಾಡತೊಡಗಿದ. ಹೊಳೆ ದಾಟುವಷ್ಟು ಹೊತ್ತು ಮಾತಾಡಿದ. ನಡುವೆ ಒಮ್ಮೆ ನಕ್ಕ. ಒಮ್ಮೆ ಸುಮ್ಮನಾಗಿ ನೀರು ನೋಡಿ ಮತ್ತೆ ಶುರುಮಾಡಿದ.

ಕಲ್ಮೇಶ ಡಬ್ಬಿಯನ್ನು ನೋಡುತ್ತಿದ್ದ. ಕೆಂಪು ದೀಪ ಮಿನುಗುತ್ತಿದೆಯೇ, ದನಿ ಏರಿದಾಗ ಗೆರೆ ಏರುತ್ತಿದೆಯೇ, ಬ್ಯಾಟರಿ ಎಷ್ಟಿದೆ. ಎಲ್ಲ ಸರಿಯಾಗಿತ್ತು. ಕೊನೆಗೆ ಬ್ಯಾಟರಿ ಕಮ್ಮಿಯಾಯಿತೆಂದು ಬೇಗಬೇಗ ನಿಲ್ಲಿಸಿ ಆಫ್ ಮಾಡಿದ.

"ಇಟ್ಟಿ ಏನು?" ಅಂದ ಅಪ್ಪ.

"ಇಟ್ಟೆ ಅಪ್ಪಾ."

"ಹಂಗಾದ್ರ ಆತು ಬಿಡು. ನಾಳೆ ಏನ ಬೇಕಾದ್ದು ಕೊಯ್ದುಕೊಳ್ಳಲಿ."

ಆಪರೇಷನ್ ಆಯಿತು. ಜೀವ ಉಳಿಯಿತು.

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತು ಕಲ್ಮೇಶ ಡಬ್ಬಿಯನ್ನು ಹಚ್ಚಿದ. ಫೈಲಿನ ಹೆಸರಿತ್ತು. ಒಳಗೆ ಏನೂ ಇರಲಿಲ್ಲ.

ಮತ್ತೊಮ್ಮೆ ಹಚ್ಚಿದ. ಏನೂ ಇರಲಿಲ್ಲ. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಎದ್ದ.

ಒಳಗೆ ಹೋದಾಗ ಅಪ್ಪನಿಗೆ ಎಚ್ಚರವಾಗಿತ್ತು. ಕತ್ತಿಗೆ ಬಟ್ಟೆ ಸುತ್ತಿದ್ದರು. ಮಗನನ್ನು ಕಂಡದ್ದೇ ಅವನು ಬೆರಳಿನಿಂದ ಕಿವಿ ಮುಟ್ಟಿಕೊಂಡ, ಆಮೇಲೆ ಮಗನ ಜೇಬಿನ ಕಡೆ ತೋರಿಸಿದ. ಹಚ್ಚು, ಕೇಳೋಣ ಅಂತ.

"ಆಶ್ರಮದಾಗ ಇಟ್ಟೇನಿ ಅಪ್ಪಾ," ಅಂದ ಕಲ್ಮೇಶ. "ಭದ್ರ ಐತಿ. ನೀ ಅರಾಮ ಆಗು."

ಅಪ್ಪ ಕಣ್ಣು ಮುಚ್ಚಿ ತಲೆಯಾಡಿಸಿದ. ಮುಖದಲ್ಲಿ ಒಂದು ನೆಮ್ಮದಿ ಬಂತು. ಆ ನೆಮ್ಮದಿಯನ್ನು ನೋಡಲಾರದೆ ಕಲ್ಮೇಶ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತ.

ಅಪ್ಪ ಮನೆಗೆ ಬಂದ ಮೇಲೆ ಕಲ್ಮೇಶ ಆಶ್ರಮಕ್ಕೆ ಓಡಿಬಂದ. ಕಾರ್ಡನ್ನು ಬಿಚ್ಚಿ ಕಂಪ್ಯೂಟರಿಗೆ ಹಚ್ಚಿದ. ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದ. ಗೊತ್ತಿಲ್ಲದ್ದನ್ನು ಅವರಿವರ ಕೇಳಿ ಮಾಡಿದ. ಮೂಲೆಮೂಲೆ ಕೆದಕಿದ.

ಎಲ್ಲ ಸೊನ್ನೆ. ಒಂದು ಕಡೆ ಮಾತ್ರ ಒಂದು ಚೂರು ದನಿ ಸಿಕ್ಕಿತು. ಅಪ್ಪನ ಕೆಮ್ಮು. ಮಾತಾಡುವ ಮೊದಲು ಗಂಟಲು ಸರಿಮಾಡಿಕೊಂಡದ್ದು. ಇನ್ನೇನು ಮಾತು ಬರಬೇಕು, ಅಲ್ಲಿಗೆ ಮುಗಿಯಿತು.

ಅವನು ಅದನ್ನೇ ಹಚ್ಚಿಕೊಂಡು ಕೂತ. ಕೆಮ್ಮು. ಮತ್ತೆ ಕೆಮ್ಮು. ಪ್ರತಿ ಸಲವೂ, ಈ ಸಲವಾದರೂ ಮುಂದಿನ ಮಾತು ಬಂದೀತೇನೋ ಅಂತ ಅವನ ಜೀವ ಕಿವಿಗೆ ಬರುತ್ತಿತ್ತು. ಊಟಕ್ಕೆ ಕರೆದರೆ ಏಳಲಿಲ್ಲ.

ಅಜ್ಜಾರು ಬಂದು ಬಾಗಿಲಲ್ಲಿ ನಿಂತರು.

"ಏನು ಕೇಳಾಕತ್ತಿ?"

"ನಮ್ಮಪ್ಪನ ಕೆಮ್ಮು ರಿ."

ಅಜ್ಜಾರು ಒಳಗೆ ಬಂದು ಕೂತರು. ಕಲ್ಮೇಶ ಎಲ್ಲ ಹೇಳಿದ. ಆಸ್ಪತ್ರೆಯಲ್ಲಿ ಅಪ್ಪನಿಗೆ ಹೇಳಿದ್ದೊಂದನ್ನು ಬಿಟ್ಟು.

"ಕಾರ್ಡು ಮೋಸ ಮಾಡ್ತು ಅಜ್ಜಾರ," ಅಂದ. "ಬಂತು ಅಂದು ಕೈಕೊಟ್ತು."

"ಬಂದಿತ್ತಲ್ಲ," ಅಂದರು ಅಜ್ಜಾರು. "ಬಂತು ಅಂದದ್ದು ಖರೇನ ಐತಿ. ಡ್ರೈವರ್ ತೋರಿಸು."

ಅವರು ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು.

"ಇಲ್ಲಿ ಕಾರ್ಡು ಉತ್ತರ ಕೊಟ್ಟಿಲ್ಲ."

"ಹೌದ್ರಿ."

"ಮೇಲಿನವರಿಗೆ 'ಆಯಿತು' ಅಂತ ಹೋಗೇತಿ."

"ಹೌದ್ರಿ."

"ಇದು ಯಾರ ಮಾತು?"

ಕಲ್ಮೇಶನ ತಲೆ ಎದೆಗೆ ತಾಗಿತು. "ನಂದು ರಿ," ಅಂದ.

ಅಜ್ಜಾರು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತ ಕೇಳಿದರು:

"ಆವತ್ತು ನಿಮ್ಮಪ್ಪ ಏನು ಹೇಳಿದರು?"

ಕಲ್ಮೇಶ ಬಾಯಿ ತೆರೆದ. ಕೆಂಪು ದೀಪ ನೆನಪಾಯಿತು. ಏರಿದ ಗೆರೆ, ಇಳಿದ ಗೆರೆ ನೆನಪಾಯಿತು. ಬ್ಯಾಟರಿ ಎಷ್ಟಿತ್ತೆಂಬುದೂ ನೆನಪಿತ್ತು.

"ಹೊಳಿ ಸುದ್ದಿ ರಿ... ಹೊಳಿ ಬಗ್ಗೆ ಏನೋ..." ಅಂದ. ಮುಂದೆ ಬರಲಿಲ್ಲ.

"ಎದುರಿಗೇ ಕೂತಿದ್ದೆ," ಅಂದ. "ಮೊಣಕಾಲಿಗೆ ಮೊಣಕಾಲು ತಾಗಿತ್ತು ರಿ."

ಅಂದು ಅತ್ತುಬಿಟ್ಟ. ಅಪ್ಪ ಅವನೆದುರಿಗೆ ಕೂತು ಮನಬಿಚ್ಚಿ ಆಡಿದ ಕೊನೆಯ ಮಾತುಗಳು. ಡಬ್ಬಿ ಕೇಳುತ್ತಿದೆಯಲ್ಲ ಅಂತ ಕಲ್ಮೇಶ ಕೇಳಿರಲಿಲ್ಲ.

ಅಜ್ಜಾರು ಅವನ ಅಳು ನಿಲ್ಲುವ ತನಕ ಕೂತಿದ್ದು ಎದ್ದುಹೋದರು.

ಮರುದಿನದಿಂದ ಕಲ್ಮೇಶ ಡ್ರೈವರಿಗೆ ಬೆನ್ನುಬಿದ್ದ. ಸುಟ್ಟುಕೊಂಡವನ ಹಟ ಅದು. ಈಗ ಚೂರು ದನಿ ಕೊಟ್ಟರೂ ಫ್ಲಶ್. ಮತ್ತೊಂದು ಚೂರು, ಮತ್ತೊಂದು ಫ್ಲಶ್. ಒಂದೊಂದಕ್ಕೂ ಕಾರ್ಡು "ಇಟ್ಟೆ" ಅನ್ನುವ ತನಕ ಮುಂದೆ ಹೋಗುವ ಹಾಗಿಲ್ಲ.

ಡಬ್ಬಿ ಏದುಸಿರು ಬಿಡತೊಡಗಿತು. ದನಿ ಹಿಡಿದರೆ ಅಲ್ಲಲ್ಲಿ ತುಂಡಾಯಿತು. ಬ್ಯಾಟರಿ ನೋಡನೋಡುತ್ತ ಬರಿದಾಯಿತು. ಕಾರ್ಡು ಬಿಸಿಯಾಗಿ ಬೇಗ ಸವೆಯುವ ಲಕ್ಷಣ ತೋರಿಸಿತು.

"ಇರಲಿ," ಅಂದ ಕಲ್ಮೇಶ. "ಕಳೀಬಾರದು. ಅಷ್ಟ."

ಅಂದು ಊಟಕ್ಕೆ ಕೂತಾಗ ಅಜ್ಜಾರು ಬಂದು ಅವನೆದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಅವನ ತಾಟನ್ನು ತಮ್ಮ ಕಡೆ ಎಳೆದುಕೊಂಡರು. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಒಂದು ತುತ್ತು ಅವನ ಬಾಯಿಗಿಟ್ಟರು.

ಕಲ್ಮೇಶ ಭಕ್ತಿಯಿಂದ ಅಗಿದ. ಗುರುಗಳು ತುತ್ತು ಕೊಡುತ್ತಿದ್ದಾರೆ.

"ನುಂಗಿದಿ?" ಅಂದರು ಅಜ್ಜಾರು.

"ನುಂಗಿದೆ ರಿ."

"ಬಾಯಿ ತೆಗಿ. ನೋಡೂಣು."

ತೆಗೆದ. ಅಜ್ಜಾರು ಬಗ್ಗಿ, ಕತ್ತು ವಾಲಿಸಿ, ನಾಲಗೆಯ ಕೆಳಗೆಲ್ಲ ನೋಡಿದರು. ಇನ್ನೊಂದು ತುತ್ತು ಇಟ್ಟರು.

"ನುಂಗಿದಿ?"

"ಹೂಂ ರಿ."

"ಬಾಯಿ ತೆಗಿ."

ಪಂಕ್ತಿಯವರು ನಗೆ ತಡೆದುಕೊಂಡು ತಾಟು ನೋಡುತ್ತ ಕೂತರು. ಮತ್ತೊಂದು ತುತ್ತು. ಮತ್ತೆ ಬಾಯಿ. ಉಳಿದವರ ಊಟ ಮುಗಿಯಿತು. ಇವನ ರೊಟ್ಟಿ ಅರ್ಧವೂ ಆಗಿರಲಿಲ್ಲ. ಹಸಿವು ಬೇರೆ.

"ಅಜ್ಜಾರ, ಹಿಂಗಾದ್ರ ನಾ ಉಂಡಂಗ ಆತು!" ಅಂದ ಕಲ್ಮೇಶ ತಾಳ್ಮೆಗೆಟ್ಟು. "ಕೈ ತೊಳಕೊಳ್ಳೂಮುಂದ ಒಮ್ಮೆ ಕೇಳಿದ್ರ ಸಾಲದೇನ್ರಿ? ನಡುವ ನೀರು ಕುಡಿಯೂಮುಂದ ಒಮ್ಮೆ ಕೇಳ್ರಿ ಬೇಕಾರ!"

"ಹೌದೇನು?" ಅಂದರು ಅಜ್ಜಾರು, ಮೊದಲ ಸಲ ಕೇಳಿದವರ ಹಾಗೆ. ತಾಟನ್ನು ಅವನ ಕಡೆ ಸರಿಸಿದರು. "ಹಂಗಾದ್ರ ಆ ಕಾರ್ಡಿಗೂ ಒಂದು ಹೊಟ್ಟಿ ಐತಿ ಅಂತ ತಿಳಿ. ಉಣ್ಣು."

ಕಲ್ಮೇಶ ಉಂಡು ಎದ್ದು ನೇರ ಕೆಲಸಕ್ಕೆ ಹೋದ.

ಈ ಸಲ ಹಟದಿಂದ ಬರೆಯಲಿಲ್ಲ. ಮಾತಾಡುವವರು ಉಸಿರು ತೆಗೆದುಕೊಳ್ಳಲು ನಿಂತಾಗ ಒಮ್ಮೆ ಫ್ಲಶ್. ಆಫ್ ಮಾಡುವ ಮೊದಲು ತಪ್ಪದೆ ಒಮ್ಮೆ. ಆ ಕೊನೆಯದಕ್ಕೆ ಕಾರ್ಡು ಎಷ್ಟು ತಡ ಮಾಡಿದರೂ ಕಾಯುವುದು. ಅದು "ಇಟ್ಟೆ" ಅಂದ ಮೇಲೆಯೇ ಕರೆಂಟು ತೆಗೆಯುವುದು.

ಡಬ್ಬಿ ಚೆನ್ನಾಗಿ ನಡೆಯಿತು. ಮೊದಲಿನಷ್ಟು ಚಕಚಕ ಅಲ್ಲ. ಆದರೂ ಚೆನ್ನಾಗಿ ನಡೆಯಿತು.

ಅವನು ಅಜ್ಜಾರಿಗೆ ಡ್ರೈವರ್ ತೋರಿಸಿದ. ಅವರು ಓದಿದರು. ಮತ್ತದೇ ಜಾಗದಲ್ಲಿ ಬೆರಳು ನಿಂತಿತು.

"ಕಾದಿ. ಕಾರ್ಡು ಉತ್ತರಾನ ಕೊಡಲಿಲ್ಲ. ಕೆಟ್ಟಹೋಗೇತಿ ಅಂತ ಇಟ್ಟಕೋ. ಆವಾಗ?"

ಆ ಜಾಗ ಖಾಲಿ ಇತ್ತು. ಕಲ್ಮೇಶ ಅಲ್ಲಿ ಏನೂ ಬರೆದಿರಲಿಲ್ಲ.

"ಆವಾಗ ಏನು ಮಾಡಾಕ ಬರಂಗಿಲ್ರಿ. ಹೋದದ್ದು ಹೋತು."

"ಮೇಲಿನವರು ದಾರಿ ಕಾಯಾಕತ್ತಾರಲ್ಲ. ಅವರಿಗೆ?"

"ಅವರಿಗೆ..." ಕಲ್ಮೇಶ ಆ ಖಾಲಿ ಜಾಗ ನೋಡಿದ. "ಇಡಲಿಲ್ಲ ಅಂತ ಹೇಳಬೇಕ್ರಿ."

"ಹೇಳು ಮತ್ತ."

"ಹೇಳಿದ್ರ ಅವರು ಏನು ಮಾಡ್ತಾರ್ರಿ ಅಜ್ಜಾರ?"

ಅಜ್ಜಾರು ಸ್ಕ್ರೀನಿನಿಂದ ಕಣ್ಣು ತೆಗೆದು ಅವನನ್ನು ನೋಡಿದರು. ಅವನು ಯಾರ ಬಗ್ಗೆ ಕೇಳುತ್ತಿದ್ದಾನೆಂದು ಅವರಿಗೆ ತಿಳಿಯಿತೋ ಏನೋ.

"ಅದು ಅವರ ಕೆಲಸ," ಅಂದರು. "ಅವರ ಕೆಲಸಾನೂ ನೀನ ಮಾಡಾಕ ಹೋದಿ. ಅದಕ್ಕ ಹಿಂಗಾತು."

ಕಲ್ಮೇಶ ಖಾಲಿ ಜಾಗದಲ್ಲಿ ಆ ಸಾಲು ಬರೆದ. ಕೆಲಸ ಆಯಿತು ಅಂತ ಹೇಳಲು ಹೋಗಲಿಲ್ಲ. ಹೊಳೆಯ ದಂಡೆಗೆ ಹೋಗಿ ಕೂತ.

ಊರಿಗೆ ಹೋಗಬೇಕು. ನಾಳೆ ಹೋಗುತ್ತೇನೆ ಅಂದುಕೊಂಡ. ನಾಳೆ ಬಂದಾಗ ನಾಡಿದ್ದು ಅಂದುಕೊಂಡ. ಅಪ್ಪನನ್ನು ನೋಡಬೇಕೆಂದು ಜೀವ ಎಳೆಯುತ್ತಿತ್ತು. ಅಪ್ಪ ಮತ್ತೆ ಕಿವಿ ಮುಟ್ಟಿಕೊಂಡು ತೋರಿಸಿದರೆ ಎಂಬ ಅಂಜಿಕೆ ಹಿಂದಕ್ಕೆ ಎಳೆಯುತ್ತಿತ್ತು. ಅವ್ವ ಫೋನಿನಲ್ಲಿ, "ನಿಮ್ಮಪ್ಪ ಸನ್ನಿ ಮಾಡಿ ದಿನಾ ಕೇಳ್ತಾರೋ. ಬಂದು ಒಮ್ಮೆ ಕೇಳಿಸಿ ಹೋಗಬಾರದ?" ಅನ್ನುತ್ತಿದ್ದಳು. "ತರತೀನಿ ಬೇ" ಅನ್ನುತ್ತಿದ್ದ.

ಮಗ ಬರಲಿಲ್ಲವೆಂದು ಅಪ್ಪನೇ ಬಂದ.

ಒಂದು ಮುಂಜಾನೆ ಹರಿಗೋಲು ಹರಿವಿಗೆ ಎದುರಾಗಿ ಬರುವುದು ಕಂಡಿತು. ಕಲ್ಮೇಶನ ಕಾಕಾ ಹುಟ್ಟು ಹಾಕುತ್ತಿದ್ದ. ಯಮನಪ್ಪ ನಡುವೆ ಕೂತಿದ್ದ. ಕತ್ತಿಗೆ ಬಿಳಿಯ ಅರಿವೆ, ಮೇಲೆ ಹೊಸ ಅಂಗಿ. ಮದುವೆಗೆ ಹೊರಟವನ ಹಾಗೆ ಒಪ್ಪವಾಗಿ ತಲೆ ಬಾಚಿಕೊಂಡಿದ್ದ. ತನ್ನ ದನಿ ಕೇಳಲು ಬಂದಿದ್ದ.

ಕಲ್ಮೇಶ ಓಡಿಹೋಗಿ ಕೈಹಿಡಿದು ಇಳಿಸಿಕೊಂಡ. ಅಪ್ಪ ಬಡಕಲಾಗಿದ್ದ. ದಂಡೆಯ ಮೆಟ್ಟಿಲ ಮೇಲೆ ಕೂತ. ಅಜ್ಜಾರು ಬಂದು ಕೈಮುಗಿದು ತುಸು ದೂರ ಕೂತರು. ಕಾಕಾ ಹರಿಗೋಲಿನ ಹತ್ತಿರವೇ ಉಳಿದ.

ಅಪ್ಪ ಬೆರಳಿನಿಂದ ಕಿವಿ ಮುಟ್ಟಿಕೊಂಡ. ನಕ್ಕ.

ಕಲ್ಮೇಶ ಅಜ್ಜಾರ ಕಡೆ ನೋಡಿದ. ಅಜ್ಜಾರು ನೀರು ನೋಡುತ್ತಿದ್ದರು.

"ಅಪ್ಪಾ," ಅಂದ. "ಇಲ್ಲ."

ಅಪ್ಪ ಹುಬ್ಬೇರಿಸಿದ.

"ನಿನ್ನ ಮಾತು ಉಳೀಲಿಲ್ಲ ಅಪ್ಪಾ. ಹೋತು. ಆವತ್ತ ಹೋಗೇತಿ. ಆಸ್ಪತ್ರ್ಯಾಗ ನಾ ಹೇಳಿದ್ದು ಸುಳ್ಳು. ಡಬ್ಬೀದಲ್ಲ, ತಪ್ಪು ನಂದು. ಇಟ್ಟಿತೋ ಇಲ್ಲೋ ನೋಡದನ ಇಟ್ಟೆ ಅಂದೆ."

ಯಮನಪ್ಪನ ಮುಖದ ನಗು ತಟ್ಟನೆ ಹೋಗಲಿಲ್ಲ. ಎಲ್ಲಿಗೆ ಹೋಗಬೇಕು ಅಂತ ತಿಳಿಯದವರ ಹಾಗೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಹೋಯಿತು. ಅವನು ಹೊಳೆಯ ಕಡೆ ತಿರುಗಿದ.

ಬಿಸಿಲು ಮೆಟ್ಟಿಲಿಗೆ ಬಂತು. ಕಲ್ಮೇಶನಿಗೆ ಅಪ್ಪ ಹೊಡೆದರೂ ಸಾಕಾಗಿತ್ತು.

ಕೊನೆಗೆ ಅಪ್ಪ ಇತ್ತ ತಿರುಗಿದ. ಎರಡು ಬೆರಳು ಹತ್ತಿರ ತಂದು ತೋರಿಸಿದ. ಇಷ್ಟಾದರೂ ಉಳಿದಿಲ್ಲವೇ?

"ಕೆಮ್ಮಿದ್ದು ಅಷ್ಟ ಐತಿ."

ಅಪ್ಪ ಕೈ ಚಾಚಿದ. ಕಲ್ಮೇಶ ಡಬ್ಬಿ ತಂದು ಹಚ್ಚಿದ. ಹಳೆಯ ಯಮನಪ್ಪ ಒಂದು ಸಲ ಕೆಮ್ಮಿದ.

ಅಪ್ಪ ಕಿವಿಗೊಟ್ಟು ಕೇಳಿದ. ಮತ್ತೊಮ್ಮೆ ಹಚ್ಚು ಅಂತ ಸನ್ನೆ ಮಾಡಿದ. ಮತ್ತೊಮ್ಮೆ ಕೆಮ್ಮು. ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದು ಕಲ್ಮೇಶ ಗಾಬರಿಯಾದ. ಅಪ್ಪ ನಗುತ್ತಿದ್ದ. ದನಿಯಿಲ್ಲದ ನಗು, ಕಣ್ಣಲ್ಲಿ ನೀರು. ಇಡೀ ಮಾತು ಬಿಟ್ಟು ಕೆಮ್ಮನ್ನು ಉಳಿಸಿಕೊಂಡಿದ್ದಾನಲ್ಲ ಮಗ ಎಂಬ ನಗು.

ನಗು ಮುಗಿದ ಮೇಲೆ ಅವನು ಡಬ್ಬಿಯನ್ನು ಪಕ್ಕಕ್ಕಿಟ್ಟ. ಮಗನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ತುಟಿ ಆಡಿಸಿದ.

"ತಿಳೀವಲ್ದು ಅಪ್ಪಾ."

ಅಪ್ಪ ಮತ್ತೆ ಆಡಿಸಿದ. ಈ ಸಲ ನಿಧಾನ.

"ಹೊಳಿ?"

ಅಪ್ಪ ತಲೆಯಾಡಿಸಿದ. ಕೈಯನ್ನು ಎದೆಮಟ್ಟಕ್ಕೆ ಎತ್ತಿದ.

"ಹೊಳಿ ತುಂಬಿತ್ತು?"

ಹೌದು. ಅಪ್ಪನ ಬೆರಳು ಮಗನ ಎದೆ ಮುಟ್ಟಿತು. ಎರಡೂ ಅಂಗೈ ಹತ್ತಿರ ತಂದು, ಆಗತಾನೆ ಹುಟ್ಟಿದ ಕೂಸನ್ನು ಹಿಡಿದ ಹಾಗೆ ಹಿಡಿದ.

"ನಾ... ನಾ ಹುಟ್ಟಿದಾಗ?"

ಅಪ್ಪನ ಕಣ್ಣು ಅರಳಿತು. ತುಟಿ ಮತ್ತೆ ಆಡಿತು. ಅವ್ವ ಅನ್ನುವ ಹಾಗೆ ತುಟಿ ಕೂಡಿತು. ಹುಟ್ಟು ಹಾಕುವ ಹಾಗೆ ತೋಳು ಬೀಸಿತು.

ಕಲ್ಮೇಶನಿಗೆ ತಟ್ಟನೆ ಹೊಳೆಯಿತು. ಆವತ್ತಿನದು. ಹರಿಗೋಲಿಗೆ ಬೆನ್ನು ಆನಿಸಿ ಅಪ್ಪ ಹೇಳಿದ್ದು ಇದೇ. ತುಂಬಿದ ಹೊಳೆಯಲ್ಲಿ ಬಸುರಿ ಅವ್ವನನ್ನು ಕೂಡಿಸಿಕೊಂಡು ದಾಟಿದ್ದು. ಅಪ್ಪ ಅದನ್ನು ಮೊದಲಿನಿಂದ ಮತ್ತೆ ಹೇಳುತ್ತಿದ್ದಾನೆ.

ಇದು ಈ ಸಲ ಹೋಗಬಾರದು. ಒಂದು ತುಟಿಯ ಅಲುಗಾಟವೂ ಹೋಗಬಾರದು. ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಮೊಬೈಲು ತೆಗೆದು ಬಗ್ಗಿ, ಕ್ಯಾಮೆರಾ ಹುಡುಕತೊಡಗಿದ.

"ಅಜ್ಜಾರ, ಸ್ವಲ್ಪ ಹಿಡೀರಿ ಇದನ್ನ," ಅಂದ ಅವಸರದಿಂದ. "ವಿಡಿಯೋ ಮಾಡೂಣು."

ಅಜ್ಜಾರು ಕೈ ಚಾಚಲಿಲ್ಲ.

"ನಿಮ್ಮಪ್ಪ ಇನ್ನೂ ಮಾತಾಡಾಕತ್ತಾರ," ಅಂದರು. "ಆ ಕಡೆ ನೋಡು."